ಸ್ವರಕ್ಕೂ ಬೇಕು ಶುದ್ಧ ವಿದ್ಯುತ್

1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಬೆಳಕು ಹಳ್ಳಿಗಳಿಗೆ ಹಬ್ಬಿದಂತೆ ಏರಿಳಿತದ ಕಾಟವೂ ಹಬ್ಬಿತು. ಅರಸೀಕೆರೆ ಬಳಿಯ ಹಾರನಹಳ್ಳಿಯಂಥ ತೆಂಗಿನ ಸೀಮೆಯಲ್ಲಿ ಮನೆಗೂ ಪಂಪ್‌ಸೆಟ್ಟಿಗೂ ಒಂದೇ ಲೈನ್ ಇದ್ದರೆ, ಮೋಟಾರುಗಳು ಒಟ್ಟಿಗೆ ಓಡಿದಾಗ ವೋಲ್ಟೇಜ್ ಕುಸಿಯುವುದು ಸಹಜ. ಟಿವಿಯ ಪಕ್ಕ ಸ್ಟೆಬಿಲೈಸರ್ ಬಂದು ಕೂತದ್ದು ಹೀಗೆ.

ದುಬಾರಿ ಧ್ವನಿವ್ಯವಸ್ಥೆಗೆ ಇಂದು ಮಾರುವ ಪವರ್ ಕಂಡೀಷನರ್ ಅದರ ದಾಯಾದಿ. ಆದರೆ ಕೆಲಸ ಬೇರೆ ಬೇರೆ: ಸ್ಟೆಬಿಲೈಸರ್ ವೋಲ್ಟೇಜನ್ನು ಹದದಲ್ಲಿಡುತ್ತದೆ, ಫಿಲ್ಟರ್ ತಂತಿಯ ಗದ್ದಲ ಸೋಸುತ್ತದೆ, ರೀಜನರೇಟರ್ ವಿದ್ಯುತ್ತನ್ನೇ ಹೊಸದಾಗಿ ರೂಪಿಸುತ್ತದೆ. ಬರಿಯ ಫಿಲ್ಟರ್ ಕುಸಿದ ವೋಲ್ಟೇಜನ್ನು ಎತ್ತಲಾರದು. ಆದ್ದರಿಂದ ಬೆಲೆ ಹೋಲಿಸುವ ಮೊದಲು ಸಂಜೆಯ ವೋಲ್ಟೇಜ್ ಅಳೆಯಬೇಕು, ಅರ್ಥಿಂಗ್ ನೋಡಿಸಬೇಕು. ರೋಗ ತಿಳಿಯದೆ ಕೊಂಡ ಮದ್ದು ಜೇಬಿಗಷ್ಟೇ ಭಾರ.