ಸೋಮಲ, ಹರಿತಾಳ, ಬೋರಿನ ನೀರ

ನಮ್ಮ ಅತ್ತಿ ಇದ್ದಾಗ ಅಡಗಿಮನಿಯೊಳಗ ಒಂದ ಕಾಯದೆ ಇತ್ರಿ. ಬಿಳೇ ಪುಡಿ ಯಾವದ ಇರಲಿ, ಹೆಸರ ಬರೀದ ಡಬ್ಬಿಯೊಳಗ ಇಡೂ ಹಂಗಿರಲಿಲ್ಲ. "ಉಪ್ಪ ಅಂತ ತಿಳದ ಸೋಮಲ ಹಾಕಿದ್ರ ಮನೀನ ಖಾಲಿ ಆಗತೈತಿ" ಅಂತಿದ್ರು. ಸೋಮಲ ಅಂದ್ರ ಬಿಳೇ ಪಾಷಾಣ, ಪುಸ್ತಕದೊಳಗಿನ ಆರ್ಸೆನಿಕ್. ಈಗಿನ ಇಲಿ ಔಷಧ ಬ್ಯಾರೆ, ಝಿಂಕ್ ಫಾಸ್ಫೈಡ್. ಆದ್ರೂ ಅತ್ತಿಯ ಕಾಯದೆ ನಾ ಬಿಟ್ಟಿಲ್ಲ.

ಈ ಪಾಷಾಣಕ್ಕ ವಾಸನಿ ಇಲ್ಲ, ರುಚೀನೂ ಇಲ್ಲದಂಗ. ತಿಂದವರಿಗೆ ವಾಂತಿ-ಭೇದಿ ಹತ್ತಿ, ಥೇಟ್ ಕಾಲರಾ ಬಂದಂಗ ಕಾಣತಿತ್ತು. 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಅನ್ನಾವ್ರು ಅದರ ಪರೀಕ್ಷಾ ಕಂಡ ಹಿಡದ್ರು. ನಾಲ್ಕ ವರ್ಷಕ್ಕ, 1840ರಲ್ಲಿ, ಗಂಡಗ ವಿಷ ಹಾಕ್ಯಾಳ ಅಂತ ಫ್ರಾನ್ಸಿನ ಮರೀ ಲಫಾರ್ಜ್‌ಗ ಅದ ಪರೀಕ್ಷಾದ ಮ್ಯಾಲೆ ಶಿಕ್ಷಾ ಆತು. ಇಲಿಗೆ ಅಂತನ ಅಕಿ ಪಾಷಾಣ ತರಿಸಿದ್ಲಂತ! ನಮ್ಮ ದೇಶದಾಗೂ ಇದನ್ನ ಕಂಡ ಕಂಡಲ್ಲಿ ಮಾರಬಾರದು ಅಂತ ಬ್ರಿಟಿಷರು 1904ರಲ್ಲಿ, ಆಮ್ಯಾಲೆ 1919ರಲ್ಲಿ ವಿಷದ ಕಾಯದೆ ತಂದ್ರು.

ಅಂದ್ರ ನಮ್ಮ ಹಿರೇರು ಇದನ್ನ ಬರೇ ಕೊಲ್ಲಾಕ ಇಟ್ಟಿರಲಿಲ್ಲ. ಹಳದಿ ಹರಿತಾಳ, ಕೆಂಪ ಮಣಿಶಿಲೆ, ಎರಡೂ ಆರ್ಸೆನಿಕ್ ಗಂಧಕ ಕೂಡಿದ ಕಲ್ಲ. ಕೈಬರಹದ ಹಳೇ ಕಾಗದದ ಪುಸ್ತಕಕ್ಕ ಹುಳ ಹತ್ತಬಾರದು ಅಂತ ಹರಿತಾಳ ಬಳೀತಿದ್ರು. ತಪ್ಪ ಬರದ್ರ ಅದನ್ನ ಹಚ್ಚಿ ಮುಚ್ಚತಿದ್ರು. ಸುಣ್ಣದ ಜೋಡಿ ಕಲಿಸಿ ಮೈಮ್ಯಾಲಿನ ಕೂದಲ ತಗ್ಯಾಕೂ ಬಳಸತಿದ್ರು, ನಮ್ಮ ಬ್ಯೂಟಿ ಪಾರ್ಲರ್ ಏನ ಹೊಸಾದಲ್ಲ. ಆಯುರ್ವೇದದ ರಸಮಾಣಿಕ್ಯ ಶುದ್ಧ ಮಾಡಿದ ಹರಿತಾಳದಿಂದನ ಆಗೂದು. ಅದಕ್ಕ ಜಾತ್ರಿಯೊಳಗಿನ ಹೆಸರಿಲ್ಲದ ಪುಡಿ ಚರ್ಮದ ರೋಗಕ್ಕ ಅಂತ ತಗೋಬ್ಯಾಡ್ರಿ.

ನನಗ ಖರೇ ಹೆದರಿಕಿ ಹುಟ್ಟಿಸಿದ್ದು ಮಾತ್ರ ಯಾದಗಿರಿ ಜಿಲ್ಲಾ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಸುದ್ದಿ. ಅಲ್ಲೆ ಮಂಗಳೂರು ಅಂತ ಒಂದ ಊರೈತಿ, ಕಡಲ ದಂಡಿ ಮಂಗಳೂರಲ್ಲ. ಅದರ ಸುತ್ತ ಹಳೇ ಬಂಗಾರದ ಗಣಿ. ಬಂಗಾರದ ಕಲ್ಲಿನ ಜೋಡಿ ಆರ್ಸೆನಿಕ್ ಕಲ್ಲೂ ಇರತೈತಿ, ಒಡದ ಹೊರಗ ಹಾಕಿದ ಮ್ಯಾಲೆ ಗಾಳಿ-ಮಳಿ ತಾಗಿ ನೀರಿಗೆ ಇಳೀತೈತಿ. ಆ ತಾಂಡಾದ ಮಂದಿ ಬೋರಿನ ನೀರ ಕುಡದ ಕುಡದ ಮೈಮ್ಯಾಲೆ ಕರೇ ಕಲಿ, ಅಂಗೈ-ಅಂಗಾಲ ಗಂಟ ಗಂಟ, ಕೆಲವರಿಗೆ ಕ್ಯಾನ್ಸರ್. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಅಂತ ನೇಮ ಐತಿ. ನೀರ ನೋಡಿದ್ರ ಕನ್ನಡಿ ಹಂಗ ತಿಳಿ. ಇದನ್ನ ಓದಿದಾಗ ಕೊಳ್ಳಾಗಿನ ಬೋರಮಾಳ ಒಂದ ಸಲ ಮುಟ್ಟಿ ನೋಡಕೊಂಡೆ.

ನನ್ನ ತಮ್ಮನ ಮಗಳನ್ನ ಆ ಕಡೇನ ಕೊಟ್ಟೈತಿ. ಪ್ರತಿ ಸಲ ಫೋನಿನಾಗ "ನೀರ ಕಾಸಿ ಕುಡಿ, ಕೂಸಿಗೂ ಕಾಸಿನ ಕೊಡು" ಅಂತಿದ್ದೆ. ಜಂತ ಸಾಯಾಕ ಅದು ಬರೋಬ್ಬರಿ. ಆದ್ರ ಆರ್ಸೆನಿಕ್ ಕಾಸಿದ್ರ ಹೋಗೂದಿಲ್ರಿ. ನೀರ ಆವಿ ಆಗಿ ಕಡಿಮಿ ಆದಂಗ, ಉಳದದ್ರಾಗ ಅದರ ಪಾಲ ಹೆಚ್ಚ ಆಗತೈತಿ. ಮೊನ್ನೆ ಮತ್ತ ಫೋನ್ ಹಚ್ಚಿ ಇಷ್ಟೂ ಹೇಳಿದೆ. "ಅತ್ತಿ, ನಮ್ಮದು ಬೋರಿನ ನೀರ, ಪರೀಕ್ಷಾ ಮಾಡಿಸಿದ್ದು ನಾ ಕೇಳಿಲ್ಲ" ಅಂದ್ಲು. ಸೋಮವಾರ ಗಂಡನ್ನ ಪಂಚಾಯ್ತಿಗೆ ಕಳಸಿ ಕೇಳಸ್ತಾಳಂತ. ಏನಾತು ಅಂತ ಮುಂದ ಬರೀತೀನಿ.