ಆವೃತ್ತಿ ಸಂಖ್ಯೆಯ ಓದುಗರು: ಲಿನಕ್ಸ್ ಕರ್ನೆಲ್‌ನ ಎರಡು ಪ್ರಸಂಗಗಳು

ಲಿನಕ್ಸ್ ಕರ್ನೆಲ್‌ನ ಆವೃತ್ತಿ ಸಂಖ್ಯೆ ಅದರ ಮುಖ್ಯ ಮೇಕ್‌ಫೈಲ್‌ನ ಆರಂಭದಲ್ಲೇ ಇದೆ: ವರ್ಷನ್, ಪ್ಯಾಚ್‌ಲೆವೆಲ್, ಸಬ್‌ಲೆವೆಲ್, ಎಕ್ಸ್‌ಟ್ರಾವರ್ಷನ್ ಎಂಬ ನಾಲ್ಕು ಸಾಲುಗಳು. ಪರೀಕ್ಷಾ ಹಂತದಲ್ಲಿ ನಾಲ್ಕನೆಯ ಸಾಲಿನಲ್ಲಿ ‘ಆರ್‌ಸಿ’ ಎಂಬ ಗುರುತಿರುತ್ತದೆ. ಬಿಡುಗಡೆಯ ದಿನ ಅದನ್ನು ತೆಗೆದು, ಸಹಿಯುಳ್ಳ ಟ್ಯಾಗ್ ಹಾಕುತ್ತಾರೆ. ಇಷ್ಟು ಚಿಕ್ಕ ತಿದ್ದುಪಡಿಗೂ ಹೊಂದಾಣಿಕೆ ಕೆಡಿಸುವ ಶಕ್ತಿಯಿದೆ. ಏಕೆಂದರೆ ಈ ಸಂಖ್ಯೆಯನ್ನು ಬಳಕೆದಾರರು ಮಾತ್ರವಲ್ಲ, ಅಸಂಖ್ಯ ಪ್ರೋಗ್ರಾಮ್‌ಗಳೂ ಓದುತ್ತವೆ; ಅವು ಓದುವುದು ಅಂಕಿಗಳ ವಿನ್ಯಾಸವನ್ನು ನಂಬಿ.

2011ರ ಮೇ ತಿಂಗಳಲ್ಲಿ 2.6.39 ಹೊರಬಂದ ಮೇಲೆ ಲೀನಸ್ ಟೊರ್ವಾಲ್ಡ್ಸ್ ಮುಂದಿನದನ್ನು 3.0 ಎಂದು ಕರೆಯಲು ನಿರ್ಧರಿಸಿದರು. ಅಂಥ ದೊಡ್ಡ ಬದಲಾವಣೆಯೇನೂ ಅದರಲ್ಲಿರಲಿಲ್ಲ. ಯೋಜನೆಗೆ ಇಪ್ಪತ್ತು ವರ್ಷ ತುಂಬುತ್ತಿತ್ತು, ಕೊನೆಯ ಅಂಕಿಯೂ ಬಹಳ ಬೆಳೆದಿತ್ತು. ಆದರೆ ಮೂರು ಭಾಗಗಳ ಸಂಖ್ಯೆಯನ್ನೇ ನಿರೀಕ್ಷಿಸುವ ಸ್ಕ್ರಿಪ್ಟ್‌ಗಳು ಎಡವುತ್ತವೆಂದು ಕರ್ನೆಲ್ ತನ್ನನ್ನು ‘3.0.0’ ಎಂದೇ ಹೇಳಿಕೊಳ್ಳಬೇಕಾಯಿತು. ಆರಂಭದಲ್ಲಿ 2.6 ಇಲ್ಲದಿದ್ದರೆ ಓಡಲೊಲ್ಲದ ಪ್ರೋಗ್ರಾಮ್‌ಗಳಿಗಾಗಿ ಇನ್ನೊಂದು ಸೌಲಭ್ಯವೂ ಸೇರಿತು: ಕೇಳಿದವರಿಗೆ 3.0 ತನ್ನನ್ನು 2.6.40 ಎಂದೂ, 3.1 ತನ್ನನ್ನು 2.6.41 ಎಂದೂ ಪರಿಚಯಿಸಿಕೊಳ್ಳತೊಡಗಿತು. ಹಳೆಯ ಪ್ರೋಗ್ರಾಮ್ ಕೆಡಬಾರದೆಂಬ ಕಟ್ಟುನಿಟ್ಟು ಸಂಖ್ಯೆಗೂ ಅನ್ವಯಿಸಿದ್ದು ನನ್ನ ದೃಷ್ಟಿಯಲ್ಲಿ ಈ ಪ್ರಸಂಗದ ಹಿರಿಮೆ.

ಎರಡನೆಯ ಪ್ರಸಂಗ ಇನ್ನೂ ಸೂಕ್ಷ್ಮ. ಹೋಲಿಕೆ ಸುಲಭವಾಗಲೆಂದು ಕರ್ನೆಲ್‌ನ ಹೆಡರ್ ಕಡತ ಮೂರು ಭಾಗಗಳನ್ನೂ ಒಂದೇ ಪೂರ್ಣಾಂಕವಾಗಿ ಕೂಡಿಸುತ್ತದೆ: ಮೊದಲನೆಯದನ್ನು 65,536ರಿಂದ, ಎರಡನೆಯದನ್ನು 256ರಿಂದ ಗುಣಿಸಿ, ಮೂರನೆಯದನ್ನು ಸೇರಿಸುತ್ತದೆ. ಹಾಗಾಗಿ ಮೂರನೆಯ ಭಾಗಕ್ಕೆ ಸಿಗುವುದು ಎಂಟು ಬಿಟ್. ಅದರ ಮಿತಿ 255. ದೀರ್ಘಕಾಲ ಪೋಷಿಸಲಾಗುತ್ತಿದ್ದ 4.4 ಮತ್ತು 4.9 ಸರಣಿಗಳು 2021ರ ಫೆಬ್ರವರಿಯಲ್ಲಿ ಆ ಮಿತಿ ದಾಟಿದವು. 4.4.256ನ್ನು ಈ ಸೂತ್ರಕ್ಕೆ ಹಾಕಿದರೆ ಬರುವುದು 4.5.0ರ ಮೌಲ್ಯವೇ. ಪೋಷಕರಾದ ಗ್ರೆಗ್ ಕ್ರೋವ-ಹಾರ್ಟ್‌ಮನ್ ಆಗ 4.4.256, 4.9.256 ಎರಡರಲ್ಲೂ ಸಂಖ್ಯೆಯೊಂದನ್ನೇ ಏರಿಸಿ, ಮತ್ಯಾವ ತಿದ್ದುಪಡಿಯನ್ನೂ ಸೇರಿಸದೆ ಬಿಡುಗಡೆ ಮಾಡಿದರು. ಎಲ್ಲಿಯಾದರೂ ಏನಾದರೂ ಮುರಿದರೆ ಕಾರಣ ಸಂಖ್ಯೆಯೇ ಎಂಬುದು ಅದರಿಂದ ನಿಸ್ಸಂದೇಹವಾಗುತ್ತಿತ್ತು. ಬಿಡುಗಡೆಯನ್ನೇ ಪ್ರಯೋಗವಾಗಿಸಿದ ಈ ಕ್ರಮ ಎಲ್ಲ ಮುಕ್ತ ತಂತ್ರಾಂಶ ಯೋಜನೆಗಳ ಅಧ್ಯಯನಕ್ಕೆ ಅರ್ಹವಾದುದು.

ಅನಂತರ ಬಂದ ಪರಿಹಾರದಲ್ಲಿ ಕೂಡಿಸಿದ ಪೂರ್ಣಾಂಕದ ಮೂರನೆಯ ಭಾಗವನ್ನು 255ಕ್ಕೆ ನಿಲ್ಲಿಸಲಾಯಿತು. ‘ಯುನೇಮ್’ ಆಜ್ಞೆ ತೋರಿಸುವ ಅಕ್ಷರರೂಪದ ಸಂಖ್ಯೆ ಮಾತ್ರ ಏರುತ್ತಲೇ ಹೋಯಿತು. 4.4 ಸರಣಿ 2022ರಲ್ಲಿ 4.4.302ರೊಂದಿಗೆ ಮುಗಿಯಿತು. ಕೂಡಿಸಿದ ಪೂರ್ಣಾಂಕವೊಂದನ್ನೇ ನೋಡುವ ಪ್ರೋಗ್ರಾಮ್‌ಗೆ ಅದಕ್ಕೂ 4.4.255ಕ್ಕೂ ವ್ಯತ್ಯಾಸ ಕಾಣದು. ಮಾಹಿತಿ ಕಡಿಮೆಯಾಯಿತು ನಿಜ, ಆದರೆ 4.4ನ್ನು 4.5 ಎಂದು ನಂಬಿ, ಅದರಲ್ಲಿಲ್ಲದ ಸೌಲಭ್ಯವನ್ನು ಕರೆಯುವ ಅಪಾಯ ತಪ್ಪಿತು.