ಹುಳಿ ಚೆರಿಯ ಬಿಯರೂ 'ಕಾಡು' ಯೀಸ್ಟೂ

ಬೆಲ್ಜಿಯಂನ ಬ್ರಸೆಲ್ಸ್ ಸುತ್ತಮುತ್ತ ಜನ ಬೇಸಗೆಯಲ್ಲಿ ಇಷ್ಟಪಟ್ಟು ಕುಡಿಯುವ ಕೆಂಪು ಬಿಯರ್ ಒಂದಿದೆ. ಹೆಸರು ಕ್ರೀಕ್. ಫ್ಲೆಮಿಷ್ ನುಡಿಯಲ್ಲಿ ಈ ಪದಕ್ಕೆ ಹುಳಿ ಚೆರಿ ಹಣ್ಣು ಎಂದೇ ಅರ್ಥ. ಬಣ್ಣ ನೋಡಿ ಶರಬತ್ತಿನ ಸಿಹಿಯನ್ನು ನಿರೀಕ್ಷಿಸಿದವರಿಗೆ ಮೊದಲ ಗುಟುಕಿಗೇ ಆಶ್ಚರ್ಯ. ಸಾಂಪ್ರದಾಯಿಕ ಕ್ರೀಕ್‌ನ ರುಚಿ ಹುಳಿ, ಸ್ವಲ್ಪ ಒಗರು. ಆಲ್ಕೊಹಾಲ್ ಶೇಕಡಾ 5ರ ಆಸುಪಾಸು. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಆಗಲೇ ಮುಗಿಸಿರುತ್ತದೆ.

ಬೇಸಗೆಯ ಈ ಪಾನೀಯಕ್ಕೆ ಆಧಾರವಾದ ಲ್ಯಾಂಬಿಕ್ ಬಿಯರಿನ ತಯಾರಿ ನಡೆಯುವುದು ಚಳಿಯ ತಿಂಗಳುಗಳಲ್ಲಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಮತ್ತು ಗೋಧಿಯಿಂದ ತೆಗೆದ ರಸವನ್ನು ಕುದಿಸಿ, ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ವಿಸ್ತಾರವಾಗಿರುವುದರಿಂದ ಬೆಳಗಾಗುವಷ್ಟರಲ್ಲಿ ರಸ ತಣಿಯುತ್ತದೆ. ಬೇಸಗೆಯ ರಾತ್ರಿಯಲ್ಲಾದರೆ ಅಷ್ಟು ತಣಿಯದು, ಬೇಡದ ಬ್ಯಾಕ್ಟೀರಿಯಾಗಳ ಕಾಟವೂ ಹೆಚ್ಚು. ಯೀಸ್ಟನ್ನು ಯಾರೂ ಬೆರೆಸುವುದಿಲ್ಲ. ಗಾಳಿಯಲ್ಲಿ, ಹಳೆಯ ಮರದ ಪೀಪಾಯಿಗಳಲ್ಲಿ ಇರುವ ಸೂಕ್ಷ್ಮಜೀವಿಗಳೇ ಹುದುಗಿಸುತ್ತವೆ. ನಮ್ಮ ಇಡ್ಲಿ ಹಿಟ್ಟಿಗೂ ಯಾರೂ ಹೆಪ್ಪು ಹಾಕುವುದಿಲ್ಲವಷ್ಟೆ! ಆದರೆ ಅದು ಒಂದು ರಾತ್ರಿಯ ಕೆಲಸ. ಲ್ಯಾಂಬಿಕ್ ಒಂದರಿಂದ ಮೂರು ವರ್ಷ ಕಾಯಿಸುತ್ತದೆ. ಚೆರಿ ಮಾಗುವ ಕಾಲಕ್ಕೆ ಹಣ್ಣುಗಳನ್ನು ಅದರಲ್ಲಿ ಹಾಕಿ ತಿಂಗಳುಗಟ್ಟಲೆ ನೆನೆಸುತ್ತಾರೆ.

19ನೆಯ ಶತಮಾನದ ಕೊನೆಯ ವಿಜ್ಞಾನದ ದೃಷ್ಟಿಯಲ್ಲಿ ಇದು ಹಾಳಾದ ಬಿಯರ್. ಬಿಯರ್ ಕೆಡುವುದಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂದು ಲೂಯಿ ಪಾಶ್ಚರ್ 1876ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಬ್ಯಾಕ್ಟೀರಿಯಾ ಮಾತ್ರವಲ್ಲ, 'ಕಾಡು' ಯೀಸ್ಟ್‌ಗಳೂ ಬಿಯರನ್ನು ಕೆಡಿಸುತ್ತವೆ. 1883ರಲ್ಲಿ ಅವರು ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟ್ ಬಳಕೆಗೆ ಬಂತು. ಅನೇಕ ಕಾರ್ಖಾನೆಗಳನ್ನು ನಷ್ಟದಿಂದ ಪಾರು ಮಾಡಿದ ಶೋಧವಿದು, ಅನುಮಾನವಿಲ್ಲ. ಆದರೆ 'ಕಾಡು' ಎಂಬ ಹಣೆಪಟ್ಟಿ ಹಚ್ಚಿದ ಮೇಲೆ ಆ ಜೀವಿಗಳು ಏನು ಮಾಡುತ್ತವೆಂದು ಕೇಳುವವರು ಕಡಿಮೆಯಾದರು.

ಕೇಳಿದವರು ಅದೇ ಕೋಪನ್‌ಹೇಗನ್ನಿನ ನೀಲ್ಸ್ ಯೆಲ್ಟೆ ಕ್ಲಾಸೆನ್. ಶುದ್ಧ ಯೀಸ್ಟಿನಿಂದ ತಯಾರಿಸಿದಾಗ ಇಂಗ್ಲೆಂಡಿನ ಹಳೆಯ ಬಿಯರುಗಳಿಗೆ ಅವುಗಳ ಪರಿಚಿತ ಪರಿಮಳ ಬರುತ್ತಿರಲಿಲ್ಲ. ಅದಕ್ಕೆ ಬೇಕಾದದ್ದು ಪೀಪಾಯಿಯಲ್ಲಿ ನಿಧಾನವಾಗಿ ಬೆಳೆಯುವ ಮತ್ತೊಂದು ಯೀಸ್ಟ್ ಎಂದು ಅವರು 1904ರಲ್ಲಿ ವರದಿ ಮಾಡಿ, ಅದನ್ನು ಬ್ರೆಟನೊಮೈಸಿಸ್ ಎಂದು ಕರೆದರು. 'ಬ್ರಿಟಿಷ್ ಶಿಲೀಂಧ್ರ' ಎಂಬರ್ಥ. ಅದೇ ಗುಂಪಿನ ಯೀಸ್ಟೊಂದನ್ನು ಲ್ಯಾಂಬಿಕ್‌ನಿಂದ ಪಡೆದು, 1921ರಲ್ಲಿ ಕುಫೆರಾತ್ ಮತ್ತು ವಾನ್ ಲಾರ್ ವಿವರಿಸಿದರು. ಬ್ರಸೆಲ್ಸ್‌ನ ಹೆಸರೇ ಅದಕ್ಕೆ ಅಂಟಿಕೊಂಡಿತು.

ಈಗ ಗ್ಲಾಸಿಗೆ ಮರಳೋಣ. ಹುಳಿಗೆ ಮುಖ್ಯ ಕಾರಣ ಬ್ಯಾಕ್ಟೀರಿಯಾಗಳು ತಯಾರಿಸುವ ಲ್ಯಾಕ್ಟಿಕ್ ಆಮ್ಲ. ಚೆರಿಯ ಆಮ್ಲವೂ ಅದಕ್ಕೆ ಸೇರುತ್ತದೆ. ಈ ಹುಳಿಯನ್ನು ಅಳೆಯುವ ಪಿಎಚ್ ಮಾನವನ್ನು 1909ರಲ್ಲಿ ಸೋರೆನ್‌ಸೆನ್ ರೂಪಿಸಿದ್ದೂ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿಯೇ. ತರಗತಿಯಲ್ಲಿ ಇದನ್ನು ಹೇಳಿದರೆ ವಿದ್ಯಾರ್ಥಿಗಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ಇನ್ನು ಗುಳ್ಳೆಗಳು. ನಾಲಿಗೆಯ ಚುರುಗುಟ್ಟುವಿಕೆ ಗುಳ್ಳೆ ಒಡೆಯುವುದರಿಂದ ಎಂಬ ಊಹೆ ಸಹಜ. ಆದರೆ ಹುಳಿಯನ್ನು ಗ್ರಹಿಸುವ ಕೋಶಗಳ ಮೇಲಿನ ಕಿಣ್ವವೊಂದು ಕಾರ್ಬನ್ ಡೈಆಕ್ಸೈಡಿಗೆ ಸ್ಪಂದಿಸುತ್ತದೆಂದು, ಇಲಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು. ಗುಳ್ಳೆಗೂ ಹುಳಿಗೂ ನಾಲಿಗೆಯಲ್ಲಿ ಒಂದೇ ಬಾಗಿಲು.